ಗೌರಿ ಹೂವಿನ ಗಡ್ಡೆ ಮೊಳೆಯುತ್ತಿಲ್ಲ, ಎಲೆ ಹಳದಿ, ಹೂವೇ ಇಲ್ಲ: ಎಲ್ಲಿಂದ ನೋಡಬೇಕು?

ಗೌರಿ ಹೂವಿನ ಬಳ್ಳಿ ಗೊತ್ತಲ್ವಾ? ಮಳೆಗಾಲದಲ್ಲಿ ಬೇಲಿಗೆ ಬೆಂಕಿ ಹತ್ತಿಕೊಂಡ ಹಾಗೆ ಅರಳುತ್ತದೆ. ಆರು ಎಸಳು, ಆರೂ ಮೇಲಕ್ಕೆ ಮಡಚಿಕೊಂಡಿರುತ್ತವೆ, ಅಂಚು ಅಲೆ ಅಲೆ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ನಮ್ಮ ನೆಲದ್ದೇ ಗಿಡ. ಆಫ್ರಿಕಾದಿಂದ ಹಿಡಿದು ಭಾರತ, ಶ್ರೀಲಂಕಾ ದಾಟಿ ಆಗ್ನೇಯ ಏಷ್ಯಾದವರೆಗೂ ಕಾಡಿನಂಚಿನಲ್ಲಿ, ಪೊದೆಗಳ ನಡುವೆ ತಾನಾಗಿ ಬೆಳೆಯುತ್ತದೆ.

ಬೇಲಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಈ ಬಳ್ಳಿ ನಮ್ಮ ಕುಂಡಕ್ಕೆ ಬಂದ ಕೂಡಲೇ ಯಾಕೆ ಮುನಿಸಿಕೊಳ್ಳುತ್ತದೆ? ನನ್ನ ಅನುಭವದಲ್ಲಿ ಹೆಚ್ಚಿನ ಸಲ ತಪ್ಪು ಗಿಡದ್ದಲ್ಲ. ನಾವು ಸುಮ್ನೆ ಇರೋದಿಲ್ಲ, ಅದೇ ತೊಂದರೆ. ಅದು ಮಲಗಿದಾಗ ನೀರು ಹಾಕುತ್ತೇವೆ, ಏಳುವ ಹೊತ್ತಿಗೆ ಮಣ್ಣು ಕೆದಕಿ ನೋಡುತ್ತೇವೆ. ಹಾಗಾಗಿ ಯಾವ ಲಕ್ಷಣ ಕಂಡರೂ ಔಷಧಿ ಹುಡುಕುವ ಮೊದಲು ಇದು ಯಾವ ತಿಂಗಳು ಅಂತ ನೋಡಿ. ಅದಕ್ಕೆ ಖರ್ಚೇನೂ ಇಲ್ಲ.

ಮುಟ್ಟುವ ಮೊದಲು

ಈ ಗಿಡದ ಎಲ್ಲ ಭಾಗವೂ ವಿಷ. ಗಡ್ಡೆ ಮತ್ತು ಬೀಜದ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. ಕಾಲ್ಚಿಸಿನ್ ಎಂಬ ವಿಷ ಇದರಲ್ಲಿದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಗಡ್ಡೆ ನೋಡುವುದಕ್ಕೆ ಗೆಣಸಿನ ಹಾಗೇ ಇರುತ್ತದೆ. ಗೆಣಸು ಅಂತ ತಿಳಿದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆದ್ದರಿಂದ ಕೈಗವಸು ಹಾಕಿಕೊಂಡೇ ಗಡ್ಡೆ ಮುಟ್ಟಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕತ್ತರಿಸಿದ ಚಾಕುವನ್ನು ಅಡುಗೆಮನೆಗೆ ತರಬೇಡಿ. ಎತ್ತಿಟ್ಟ ಗಡ್ಡೆಯ ಡಬ್ಬಿಯ ಮೇಲೆ ದೊಡ್ಡದಾಗಿ 'ವಿಷ' ಅಂತ ಬರೆಯಿರಿ. ಈರುಳ್ಳಿ, ಆಲೂಗಡ್ಡೆ ಇಡುವ ಜಾಗದ ಹತ್ತಿರ ಮಾತ್ರ ಬೇಡ. ಕಿತ್ತ ಬಳ್ಳಿಯನ್ನು ದನ, ಆಡು ಬಾಯಿ ಹಾಕುವ ಕಡೆ ಎಸೆಯಬೇಡಿ.

ಮನೆಯಲ್ಲಿ ಏನು ಸಿಕ್ಕರೂ ಬಾಯಿಗೆ ಹಾಕುವ ವಯಸ್ಸಿನ ಮಗುವಿದ್ದರೆ ಅಥವಾ ಮಣ್ಣು ಬಗೆಯುವ ನಾಯಿ ಇದ್ದರೆ ಈ ಗಿಡವನ್ನು ಸದ್ಯಕ್ಕೆ ಬೆಳೆಸಲೇಬೇಡಿ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಮಳೆ ಶುರುವಾಯಿತು, ಮೊಳಕೆ ಮಾತ್ರ ಇಲ್ಲ

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮೊದಲು ದಿನ ಎಣಿಸಿ. ನೆಟ್ಟ ಗಡ್ಡೆ ಮಣ್ಣಿನ ಮೇಲೆ ಮೂತಿ ತೋರಿಸಲು 3ರಿಂದ 6 ವಾರ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ಮಣ್ಣು ಬೆಚ್ಚಗಿರಬೇಕು. 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದು ಏಳುವ ಮನಸ್ಸೇ ಮಾಡುವುದಿಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ಮುಂಗಾರಿನ ಜೊತೆ ಏಳುತ್ತದೆ, ಮಳೆಗಾಲದ ನಡುವೆ, ಗೌರಿ ಹಬ್ಬದ ಆಸುಪಾಸಿನಲ್ಲಿ ಹೂ ಬಿಡುತ್ತದೆ, ಚಳಿ ಬರುವ ಹೊತ್ತಿಗೆ ಒಣಗಿ ಮಲಗುತ್ತದೆ. ಜನವರಿಯಲ್ಲಿ ನೆಟ್ಟು ಫೆಬ್ರವರಿಯಲ್ಲಿ ಮೊಳಕೆ ಹುಡುಕುತ್ತಿದ್ದರೆ ತೊಂದರೆ ಗಡ್ಡೆಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ.

ಮುಂಗಾರು ಬಂದು 8 ವಾರ ಕಳೆದರೂ ಏನೂ ಕಾಣದಿದ್ದರೆ ಆಗ ಅಗೆದು ನೋಡಬಹುದು. ಸಲಿಕೆ ಬೇಡ, ಕಡ್ಡಿಯೂ ಬೇಡ. ಕುಂಡದ ಅಂಚಿನಿಂದ ಬೆರಳಲ್ಲೇ ಮಣ್ಣು ಸರಿಸುತ್ತಾ ಬನ್ನಿ. ಯಾಕೆ ಇಷ್ಟು ನಾಜೂಕು ಅಂದರೆ, ಈ ಗಡ್ಡೆಗೆ ಆಲೂಗಡ್ಡೆಯ ಹಾಗೆ ಮೈಯೆಲ್ಲಾ ಕಣ್ಣಿಲ್ಲ. ಗಡ್ಡೆ ಎರಡು ತೋಳಿನದು, ನೇಗಿಲಿನ ಹಾಗೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು ಬಂದದ್ದೂ ನೇಗಿಲಿನಿಂದಲೇ. ಮೊಳಕೆ ಬರುವುದು ತೋಳಿನ ತುದಿಯಿಂದ ಮಾತ್ರ, ಒಂದು ತೋಳಿಗೆ ಒಂದೇ ಮೂತಿ. ಆ ಮೂತಿ ಮುರಿದರೆ ಆ ತೋಳು ಎಷ್ಟೇ ಗಟ್ಟಿಯಾಗಿದ್ದರೂ ಮತ್ತೆ ಚಿಗುರುವ ಭರವಸೆ ಇಲ್ಲ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟೇ. ಮೊದಲ ವರ್ಷ 4 ವಾರ ಕಾದೆ, ತಡೆಯಲಾಗಲಿಲ್ಲ, ಸ್ಕ್ರೂಡ್ರೈವರ್ ತೂರಿಸಿ ನೋಡಿದೆ. 'ಟಕ್' ಅಂತ ಸಣ್ಣ ಸದ್ದು. ತೆಗೆದು ನೋಡಿದರೆ ಅರ್ಧ ಇಂಚಿನ ಬೆಳ್ಳಗಿನ ಮೊಳಕೆ, ತುದಿ ಸ್ವಲ್ಪ ನೇರಳೆ, ಬುಡದಲ್ಲೇ ಕತ್ತರಿಸಿ ಹೋಗಿದೆ. ಇನ್ನೊಂದು ವಾರ ತಾಳ್ಮೆ ಇದ್ದಿದ್ದರೆ ತಾನೇ ಮೇಲೆ ಬರುತ್ತಿತ್ತು.

ಗಡ್ಡೆ ಸಿಕ್ಕಮೇಲೆ ಹೀಗೆ ಓದಿಕೊಳ್ಳಿ. ಒತ್ತಿದರೆ ಗಟ್ಟಿ, ತುದಿಯ ಮೂತಿ ಉಬ್ಬಿಕೊಂಡಿದೆ: ಜೀವ ಇದೆ, ಹಾಗೇ ಮುಚ್ಚಿಬಿಡಿ. ಗಟ್ಟಿ ಇದೆ, ಆದರೆ ತುದಿ ಒಣಗಿ ಕಪ್ಪಾಗಿದೆ ಅಥವಾ ಮುರಿದ ಗಾಯ ಕಾಣುತ್ತದೆ: ಆ ತೋಳಿನ ಆಸೆ ಬಿಡಿ, ಇನ್ನೊಂದು ತೋಳಿನ ತುದಿ ನೋಡಿ. ಒತ್ತಿದರೆ ಬೆರಳು ಒಳಗೆ ಹೋಗುತ್ತದೆ, ನೀರು ಬರುತ್ತದೆ, ವಾಸನೆ ಇದೆ: ಕೊಳೆತಿದೆ, ಮಣ್ಣಿನ ಸಮೇತ ತೆಗೆಯಿರಿ. ಹಗುರವಾಗಿ ಬೆಂಡಿನಂತೆ ಒಣಗಿದ್ದರೆ ಎತ್ತಿಟ್ಟ ಕಾಲದಲ್ಲೇ ಸತ್ತಿದೆ.

ಮತ್ತೆ ನೆಡುವಾಗ ಗಡ್ಡೆಯನ್ನು ಅಡ್ಡವಾಗಿ ಮಲಗಿಸಿ, ಮೇಲೆ 6ರಿಂದ 8 ಸೆಂಟಿಮೀಟರ್ ಸಡಿಲ ಮಣ್ಣು. ಮೂತಿ ಕುಂಡದ ಗೋಡೆಗೆ ತಾಗಬಾರದು, ಅದಕ್ಕೆ ಮುಂದೆ ಹೋಗಲು ಜಾಗ ಬೇಕು. ಎಲ್ಲಿ ನೆಟ್ಟಿದ್ದೀರಿ ಅಂತ ಒಂದು ಕಡ್ಡಿ ಗುರುತು ಇಡಿ. ಮುಂದಿನ ವರ್ಷ ಮರೆತು ಅಗೆಯುವುದು ತಪ್ಪುತ್ತದೆ.

ಬಳ್ಳಿ ಜೋರಾಗಿ ಬಂತು, ಆಮೇಲೆ ಕುಡಿ ಮುರಿಯಿತು

ಈ ಬಳ್ಳಿ ಕಂಬಕ್ಕೆ ತಾನು ಸುತ್ತಿಕೊಳ್ಳುವುದಿಲ್ಲ. ಎಲೆಯ ತುದಿಯೇ ಉದ್ದವಾಗಿ ಸುರುಳಿಯಾಗಿ ಹಿಡಿದುಕೊಳ್ಳುತ್ತದೆ. ಆ ಸುರುಳಿ ತೆಳು ಕಡ್ಡಿ, ತಂತಿ, ಪಕ್ಕದ ಪೊದೆಯ ರೆಂಬೆ ಹಿಡಿಯಬಲ್ಲದು. ದಪ್ಪ ಬಿದಿರು ಹಿಡಿಯಲಾರದು. 'ಆಸರೆ ಕೊಟ್ಟಿದ್ದೇನಲ್ಲ' ಎನ್ನುವವರ ತೋಟಕ್ಕೆ ಹೋಗಿ ನೋಡಿದರೆ ಎರಡಿಂಚು ದಪ್ಪದ ಪೈಪು ನಿಂತಿರುತ್ತದೆ. ಬಳ್ಳಿ ಪಕ್ಕದಲ್ಲೇ ನೆಲದಲ್ಲಿ ಬಿದ್ದಿರುತ್ತದೆ. ಆ ಪೈಪಿಗೆ ಬಲೆ ಸುತ್ತಿ, ಅಥವಾ ಒಣಗಿದ ಕವಲು ರೆಂಬೆ ಒಂದನ್ನು ಪಕ್ಕದಲ್ಲಿ ನೆಡಿ, ಸಾಕು.

ಕುಡಿ ಮುರಿದರೆ ಆ ವರ್ಷದ ಹೂ ಬಹುಪಾಲು ಹೋಯಿತು ಅಂತಲೇ ಲೆಕ್ಕ, ಯಾಕೆಂದರೆ ಹೂ ಬರುವುದು ಬಳ್ಳಿಯ ಮೇಲ್ಭಾಗದಲ್ಲಿ. ಅಪರೂಪಕ್ಕೆ ಕೆಳಗಿನಿಂದ ಪಕ್ಕದ ಕವಲು ಬರುತ್ತದೆ. ಬರದಿದ್ದರೂ ಗಿಡ ಕೀಳಬೇಡಿ. ಉಳಿದ ಎಲೆಗಳು ಬಿಸಿಲುಂಡು ಮುಂದಿನ ವರ್ಷದ ಗಡ್ಡೆ ಕಟ್ಟುತ್ತಿರುತ್ತವೆ.

ಕುಡಿ ಮುರಿದಂತಿಲ್ಲ, ಕಚ್ಚಿದಂತಿದೆ, ಸುತ್ತ ಬೆಳ್ಳಿಯಂಥ ಅಂಟು ಗೆರೆ ಇದೆ ಎಂದಾದರೆ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೋಗಿ ಆರಿಸಿ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಸಿಕ್ಕಿಲ್ಲ.

ಎಲೆ ಹಳದಿಯಾಗುತ್ತಿದೆ

ಮತ್ತೆ ಕ್ಯಾಲೆಂಡರ್. ಹೂ ಮುಗಿದು, ಕಾಯಿ ಬಲಿತು, ಮಳೆ ಕಡಿಮೆಯಾದ ಮೇಲೆ ಬುಡದಿಂದ ಮೇಲಕ್ಕೆ ಎಲ್ಲಾ ಎಲೆ ಒಂದೇ ಸಮ ಹಳದಿಯಾದರೆ ಅದು ಕಾಯಿಲೆಯಲ್ಲ, ನಿದ್ದೆ. ನೀರು ಕಡಿಮೆ ಮಾಡುತ್ತಾ ಬನ್ನಿ, ಬಳ್ಳಿ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿಬಿಡಿ. ಹಸಿರಿರುವಾಗಲೇ 'ಚೆನ್ನಾಗಿ ಕಾಣಲ್ಲ' ಅಂತ ಕತ್ತರಿಸಬೇಡಿ.

ಆಗ 'ಪಾಪ ಬಾಡುತ್ತಿದೆ' ಅಂತ ದಿನಾ ನೀರು ಹಾಕುವವರೇ ಗಡ್ಡೆ ಕಳೆದುಕೊಳ್ಳುವುದು. ನನ್ನ ಎರಡನೇ ವರ್ಷದ ಕಥೆ ಅದು. ಕುಂಡ ಇದ್ದದ್ದು ಬೇರೆ ಗಿಡಗಳ ಸಾಲಿನಲ್ಲಿ, ಪೈಪ್ ಹಿಡಿದಾಗ ಎಲ್ಲಕ್ಕೂ ಒಂದೇ ಸಮ ನೀರು. ಮೇ ತಿಂಗಳಲ್ಲಿ ಮಣ್ಣು ಸುರಿದು ನೋಡಿದರೆ ಗಡ್ಡೆ ಇದ್ದ ಜಾಗದಲ್ಲಿ ಸಿಪ್ಪೆ ಮಾತ್ರ, ಒಳಗೆ ಬೂದು ಬಣ್ಣದ ಗಂಜಿ. ಈಗ ಮಲಗಿದ ಕುಂಡಗಳನ್ನು ಮಳೆ, ಪೈಪು ಎರಡೂ ತಲುಪದ ಮೂಲೆಗೆ ಸರಿಸಿ, ಅಡ್ಡ ಮಲಗಿಸಿಬಿಡುತ್ತೇನೆ. ಮಲಗಿರುವ ಕುಂಡ ನೋಡಿದರೆ ಮನೆಯವರೂ ನೀರು ಹಾಕುವುದಿಲ್ಲ!

ಜುಲೈ, ಆಗಸ್ಟ್‌ನಲ್ಲೇ, ಗಿಡ ಬೆಳೆಯುತ್ತಿರುವಾಗಲೇ ಹಳದಿಯಾದರೆ ಮಾತ್ರ ಚಿಂತೆ. ಬೆರಳು ಎರಡು ಇಂಚು ಮಣ್ಣಿಗಿಳಿಸಿ. ಕೆಸರಿನ ಹಾಗಿದ್ದರೆ ನೀರು ಬಸಿಯುತ್ತಿಲ್ಲ. ಕುಂಡದ ತೂತು ಕಟ್ಟಿಕೊಂಡಿದೆಯಾ ನೋಡಿ, ತಳದ ತಟ್ಟೆ ತೆಗೆಯಿರಿ, ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಡಿ. ನೆಲದಲ್ಲಿದ್ದರೆ ಪಕ್ಕದಲ್ಲಿ ಕಾಲುವೆ ಮಾಡಿ. ಬಸಿಯುವಂತೆ ಮಾಡಿದ ಮೇಲೆ ಹೊಸ ಎಲೆ ಹಸಿರಾಗಿ ಬಂದರೆ ಬಚಾವು. ಮಣ್ಣು ಹದವಾಗಿದ್ದೂ ಕೆಳಗಿನ ಹಳೆ ಎಲೆ ಮಾತ್ರ ಮಾಸಲು ಹಳದಿ, ಬೆಳವಣಿಗೆ ಮಂದ ಎಂದರೆ ಹಸಿವು. ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ಹಸಿ ಸಗಣಿ ಬೇಡ.

ರಾತ್ರಿ ಬೆಳಗಾಗುವುದರಲ್ಲಿ ಬಳ್ಳಿ ಬೋಳು

ಕಪ್ಪು ಮೈ, ಅದರ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆ. ಇಂಥ ಹುಳು ಗುಂಪಾಗಿ ಕೂತಿದ್ದರೆ ಅದು ಪಾಲಿಟೆಲಾ ಎಂಬ ಪತಂಗದ ಮರಿ. ಈ ಗಿಡದ ವಿಷ ಅದನ್ನು ಏನೂ ಮಾಡುವುದಿಲ್ಲ. ಮರಿಯಾಗಿದ್ದಾಗ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ, ಆಗ ಎಲೆ ಮೇಲೆ ಕಿಟಕಿಯಂತೆ ಪಾರದರ್ಶಕ ಕಲೆ ಕಾಣುತ್ತದೆ. ಅದನ್ನೇ ಗಮನಿಸಬೇಕು. ಆ ಹಂತದಲ್ಲಿ ಒಂದೆರಡು ಎಲೆ ಕಿತ್ತರೆ ಇಡೀ ಸಂಸಾರ ಹೋಗುತ್ತದೆ. ಬಿಟ್ಟರೆ ಕೆಲವೇ ದಿನಗಳಲ್ಲಿ ದಪ್ಪವಾಗಿ ಎಲೆ, ಮೊಗ್ಗು, ಎಳೆ ಕಾಂಡ ಎಲ್ಲವನ್ನೂ ಮುಗಿಸುತ್ತದೆ.

ಒಂದೆರಡು ಬಳ್ಳಿಗೆ ಔಷಧಿ ದಂಡ. ಕೈಗವಸು ಹಾಕಿ ಆರಿಸಿ, ಸೋಪಿನ ನೀರಿನ ಬಕೆಟ್‌ಗೆ ಹಾಕಿ. ಎಲೆಯ ಅಡಿಭಾಗ ಮರೆಯಬೇಡಿ. ಬಳ್ಳಿ ಜಾಸ್ತಿ ಇದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ನಾಲ್ಕು ಹನಿ ಸೋಪು. ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಬೇವು ಎಳೆ ಹುಳುವಿಗೆ ನಾಟುತ್ತದೆ, ಬಲಿತದ್ದಕ್ಕೆ ಅಷ್ಟಕ್ಕಷ್ಟೆ. ಹೂ ಅರಳಿರುವಾಗ ಹೂವಿನ ಮೇಲೆ ಏನೂ ಹೊಡೆಯಬೇಡಿ, ಚಿಟ್ಟೆ, ಸೂರಕ್ಕಿಗಳು ಬರುವ ಹೂವದು.

ಎಲೆ ಮೇಲೆ ಕಂದು ಚುಕ್ಕೆ

ಬಿಡದೆ ಮಳೆ, ಮೋಡ, ಗಾಳಿ ಆಡದ ಮೂಲೆ. ಇಷ್ಟಿದ್ದರೆ ಶಿಲೀಂಧ್ರದ ಎಲೆಚುಕ್ಕೆ ಬಂದೇ ಬರುತ್ತದೆ. ಚುಕ್ಕೆ ದೊಡ್ಡದಾಗಿ ಒಂದಕ್ಕೊಂದು ಸೇರಿ ಎಲೆ ಸುಟ್ಟಂತಾಗುತ್ತದೆ. ಚುಕ್ಕೆ ಬಿದ್ದ ಎಲೆ ತೆಗೆದು ಹಾಕಿ, ಸುತ್ತಲ ಗಿಡ ಸವರಿ ಗಾಳಿ ಆಡಲು ಬಿಡಿ, ನೀರನ್ನು ಬುಡಕ್ಕೆ ಮಾತ್ರ ಹಾಕಿ. ಮಳೆ ಬಿಡುವು ಕೊಟ್ಟರೆ ಹೆಚ್ಚಿನ ಸಲ ಇಷ್ಟಕ್ಕೇ ನಿಲ್ಲುತ್ತದೆ. ಚುಕ್ಕೆ ಅಲ್ಲ, ಎಲೆ ತುಂಬಾ ತಿಳಿ ಹಸಿರು ಪಟ್ಟೆ, ಎಲೆ ತಿರುಚಿಕೊಂಡು ಗಿಡ ಕುಳ್ಳಗಾಗಿದೆ ಎಂದಾದರೆ ವೈರಸ್ ಇರಬಹುದು. ಅದಕ್ಕೆ ಔಷಧಿ ಇಲ್ಲ, ಆ ಗಿಡ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವುದು ಲೇಸು.

ನಿನ್ನೆ ಚೆನ್ನಾಗಿತ್ತು, ಇವತ್ತು ಜೋತು ಬಿದ್ದಿದೆ

ಇಲ್ಲಿ ತಡ ಮಾಡಬಾರದು. ಮೊದಲು ಮಣ್ಣು ಮುಟ್ಟಿ. ಒಣಗಿದ್ದರೆ ನೀರು ಕೊಡಿ, ಸಂಜೆಯೊಳಗೆ ಎದ್ದು ನಿಂತರೆ ಬಾಯಾರಿಕೆ ಅಷ್ಟೇ.

ಮಣ್ಣು ಒದ್ದೆ, ಆದರೂ ಬಳ್ಳಿ ಜೋತಿದೆ ಎಂದರೆ ಬುಡ ನೋಡಿ. ಕಾಂಡ ಮಣ್ಣು ಸೇರುವ ಜಾಗದಲ್ಲಿ ಹತ್ತಿಯ ಎಳೆಯಂಥ ಬಿಳಿ ಬೂಸ್ಟು ಇದೆಯಾ? ಅದರ ನಡುವೆ ಸಾಸಿವೆ ಕಾಳಿನಂಥ ಪುಟ್ಟ ಗುಂಡು, ಎಳೆಯದು ಬಿಳಿ, ಬಲಿತದ್ದು ಕಂದು, ಕಾಣುತ್ತಿದೆಯಾ? ಕಂಡರೆ ಅದು ಸ್ಕ್ಲೆರೋಶಿಯಂ ಎಂಬ ಶಿಲೀಂಧ್ರ. ಆ ಸಾಸಿವೆಯೇ ಅದರ ಬೀಜ ಇದ್ದ ಹಾಗೆ, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತದೆ. ಗಿಡವನ್ನು ಸುತ್ತಲಿನ ಒಂದಡಿ ಮಣ್ಣಿನ ಸಮೇತ ತೆಗೆದು ಚೀಲಕ್ಕೆ ತುಂಬಿ ವಿಲೇವಾರಿ ಮಾಡಿ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ತೋಟಕ್ಕೆಲ್ಲಾ ನೀವೇ ಹಂಚಿದ ಹಾಗೆ. ಸಲಿಕೆ, ಚಪ್ಪಲಿ ತೊಳೆಯಿರಿ. ಬೇಸಿಗೆಯಲ್ಲಿ ಆ ಜಾಗವನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಸಿಲಿಗೆ ಬೇಯಲು ಬಿಡಿ. ಆ ಜಾಗದಲ್ಲಿ ಮತ್ತೆ ಗಡ್ಡೆ ನೆಡುವ ಆಸೆ ಒಂದೆರಡು ವರ್ಷ ಬೇಡ.

ಬೂಸ್ಟು ಇಲ್ಲ, ಗಡ್ಡೆಯ ಒಂದು ಭಾಗ ಮಾತ್ರ ಮೆತ್ತಗಾಗಿದೆ ಎಂದಾದರೆ ಉಳಿಸಲು ಪ್ರಯತ್ನಿಸಬಹುದು. ಕೊಳೆತದ್ದನ್ನು ಶುಚಿಯಾದ ಚಾಕುವಿನಿಂದ ಗಟ್ಟಿ ಬಿಳಿ ತಿರುಳು ಕಾಣುವ ತನಕ ಕತ್ತರಿಸಿ. ನೆರಳಿನಲ್ಲಿ ಎರಡು ಮೂರು ದಿನ ಗಾಯ ಒಣಗಲಿ. ಆಮೇಲೆ ಅರ್ಧ ಪಾಲು ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಡಿ. ಮಣ್ಣಿಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸೇರಿಸಿದರೆ ಒಳ್ಳೆಯದು, ಆದರೆ ಅದು ಕೊಳೆ ಬರದಂತೆ ತಡೆಯಲು ಉಪಯೋಗ, ಕೊಳೆತದ್ದನ್ನು ವಾಸಿ ಮಾಡಲು ಅಲ್ಲ. ಶಿಲೀಂಧ್ರನಾಶಕ ಬಳಸುವವರು ಪೊಟ್ಟಣದ ಮೇಲೆ ಬರೆದ ಪ್ರಮಾಣ ಮೀರಬೇಡಿ, ಮಾಸ್ಕ್ ಇಲ್ಲದೆ ಕಲಸಬೇಡಿ.

ಒಂದರ ಹಿಂದೆ ಒಂದು ಗಿಡ ಬೀಳುತ್ತಿದ್ದರೆ ಸ್ವಂತ ಪ್ರಯೋಗ ಅಲ್ಲಿಗೆ ನಿಲ್ಲಿಸಿ. ಬುಡ, ಗಡ್ಡೆ, ಒಂದು ಹಿಡಿ ಮಣ್ಣು ಬೇರೆ ಬೇರೆ ಚೀಲದಲ್ಲಿ ಕಟ್ಟಿ, ವಿಷದ ಗಿಡ ಅಂತ ಚೀಟಿ ಅಂಟಿಸಿ, ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ಪೂರ್ತಿ ಕೊಳೆತದ್ದನ್ನು ಒಯ್ದರೆ ಏನೂ ತಿಳಿಯುವುದಿಲ್ಲ, ಅರ್ಧ ಕೆಟ್ಟ ಗಿಡವನ್ನೇ ಒಯ್ಯಿರಿ.

ಬಳ್ಳಿ ಸೊಂಪಾಗಿದೆ, ಹೂವೇ ಇಲ್ಲ

ಗಡ್ಡೆ ಎಷ್ಟು ದೊಡ್ಡದಿತ್ತು? ಮೊದಲ ಪ್ರಶ್ನೆ ಅದೇ. ಹೊಲದಲ್ಲಿ ಬೆಳೆಯುವವರು 50ರಿಂದ 60 ಗ್ರಾಂ ತೂಗುವ ಗಡ್ಡೆ ಆರಿಸುತ್ತಾರೆ. ಕಿರುಬೆರಳಿನಷ್ಟು ಗಡ್ಡೆ ನೆಟ್ಟವರು ಮೊದಲ ವರ್ಷ ಎಲೆ ನೋಡಿಯೇ ತೃಪ್ತಿಪಡಬೇಕು. ಬೀಜದಿಂದ ಬೆಳೆಸಿದ್ದರಂತೂ ಹೂವಿಗೆ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು.

ಗಡ್ಡೆ ದೊಡ್ಡದೇ ಇತ್ತು ಎಂದರೆ ಬಿಸಿಲು ನೋಡಿ. ಕಾಡಿನಲ್ಲಿ ಇದರ ಬುಡ ಪೊದೆಯ ನೆರಳಲ್ಲಿ, ತಲೆ ಬಿಸಿಲಲ್ಲಿ ಇರುತ್ತದೆ. ಬಾಲ್ಕನಿಯ ಒಳಮೂಲೆಯಲ್ಲಿ ಬಳ್ಳಿ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ, ಹೂ ಬಿಡುವುದಿಲ್ಲ. ಮೂರನೆಯದು ಗೊಬ್ಬರ. ಯೂರಿಯಾ ಹಾಕಿದರೆ ಎಲೆ ಕಡು ಹಸಿರು, ನೋಡಲು ಚೆಂದ, ಹೂ ಇಲ್ಲ. ನಿಲ್ಲಿಸಿ.

ಹೂ ಹಳದಿಯಿತ್ತು, ಕೆಂಪಾಯಿತು, ಕಾಯಿ ನಿಲ್ಲುತ್ತಿಲ್ಲ

ಬಣ್ಣ ಬದಲಾಗುವುದು ರೋಗವಲ್ಲ. ಹಸಿರು ಹಳದಿಯಾಗಿ ಅರಳಿ, ದಿನ ಕಳೆದಂತೆ ಕಿತ್ತಳೆ, ಕಡುಗೆಂಪು ಆಗುವುದು ಇದರ ಸ್ವಭಾವ. ಒಂದೇ ಬಳ್ಳಿಯಲ್ಲಿ ಎಲ್ಲ ಬಣ್ಣವೂ ಒಟ್ಟಿಗೆ ಸಿಗುತ್ತವೆ.

ಕಾಯಿಯ ವಿಷಯಕ್ಕೆ ಹೂವನ್ನು ಹತ್ತಿರದಿಂದ ನೋಡಿ. ಶಲಾಕೆ, ಅಂದರೆ ಪರಾಗ ಪಡೆಯುವ ಕಡ್ಡಿಯಂಥ ಭಾಗ, ಬುಡದಲ್ಲೇ ಪಕ್ಕಕ್ಕೆ ಬಾಗಿ, ತನ್ನದೇ ಪರಾಗದಿಂದ ದೂರ ಕೈ ಚಾಚಿದಂತಿರುತ್ತದೆ. ತಾನಾಗಿ ಕಾಯಿ ಕಟ್ಟುವುದು ಕಡಿಮೆ. ತಮಿಳುನಾಡಿನಲ್ಲಿ ಇದನ್ನು ಬೀಜಕ್ಕೆಂದೇ ಹೊಲದಲ್ಲಿ ಬೆಳೆಯುತ್ತಾರೆ, ಗೌಟ್ ಎಂಬ ಕೀಲುನೋವಿನ ಕಾಯಿಲೆಯ ಔಷಧಿಗೆ ಬೇಕಾದ ಕಾಲ್ಚಿಸಿನ್ ಈ ಬೀಜದಿಂದ ಸಿಗುತ್ತದೆ. ಅಲ್ಲಿ ಬೆಳಗಿನ ಹೊತ್ತು ಕೈಯಲ್ಲೇ ಪರಾಗ ಮುಟ್ಟಿಸುತ್ತಾರೆ. ನೀವೂ ಮೆತ್ತನೆಯ ಬ್ರಷ್‌ನಿಂದ ಬೇರೆ ಬಳ್ಳಿಯ ಹೂವಿನ ಪರಾಗ ತಂದು ಶಲಾಕೆಯ ತುದಿಗೆ ಸವರಬಹುದು. ಮಕ್ಕಳು ಓಡಾಡುವ ಜಾಗವಾದರೆ ಬೇಡವೇ ಬೇಡ. ಒಣಗಿದ ಕಾಯಿ ಬಿರಿದಾಗ ಕಾಣುವ ಕೆಂಪು ಬೀಜ ಅವರ ಕಣ್ಣಿಗೆ ಮಿಠಾಯಿ.

ಯಾರಾದರೂ ತಿಂದುಬಿಟ್ಟರೆ

ಚೂರು ತಿಂದಿದ್ದಾರೆಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಬಾಯಿ, ಗಂಟಲು ಉರಿ, ವಾಂತಿ, ಹೊಟ್ಟೆನೋವು, ಭೇದಿ ಶುರುವಾಗಲು ಕೆಲವು ಗಂಟೆಗಳೇ ಬೇಕಾಗಬಹುದು. ಅಲ್ಲಿಯವರೆಗೆ ಮನುಷ್ಯ ಆರಾಮಾಗಿಯೇ ಇರುತ್ತಾನೆ. ವಾಂತಿ ಭೇದಿ ನಿಂತು ಸುಧಾರಿಸಿದಂತೆ ಕಂಡರೂ ನಂಬಬೇಡಿ, ಮುಂದಿನ ದಿನಗಳಲ್ಲಿ ಹೃದಯ, ಮೂತ್ರಪಿಂಡ, ರಕ್ತ ಎಲ್ಲಕ್ಕೂ ಪೆಟ್ಟು ಬೀಳಬಹುದು. ಮನೆಯಲ್ಲಿ ವಾಂತಿ ಮಾಡಿಸಬೇಡಿ, ಮನೆಮದ್ದು ಕೊಡಬೇಡಿ. ತಿಂದ ಗಿಡದ ತುಂಡನ್ನು ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ, 'ಗ್ಲೋರಿಯೋಸಾ, ಕಾಲ್ಚಿಸಿನ್' ಎಂಬ ಎರಡು ಪದ ಹೇಳಿ. ನಾಯಿ, ದನ ತಿಂದರೆ ಪಶುವೈದ್ಯರಿಗೂ ಅದೇ ಮಾತು.

ಅಗೆದಾಗ ಹಳೆ ಗಡ್ಡೆ ಸುಕ್ಕಾಗಿ ಸಿಕ್ಕಿತು

ಗಾಬರಿ ಬೇಡ, ಪಕ್ಕದಲ್ಲಿ ನೋಡಿ. ಪ್ರತಿ ವರ್ಷ ಹಳೆ ಗಡ್ಡೆ ತನ್ನ ಸತ್ವವೆಲ್ಲಾ ಬಳ್ಳಿಗೆ ಕೊಟ್ಟು ಸೊರಗುತ್ತದೆ, ಅದರ ಜಾಗದಲ್ಲಿ ಹೊಸ ಎರಡು ತೋಳು ಬೆಳೆದಿರುತ್ತವೆ. ಬೆಳ್ಳಗೆ, ನುಣ್ಣಗೆ, ಗಟ್ಟಿಯಾಗಿದ್ದರೆ ಎಲ್ಲಾ ಸರಿಯಿದೆ. ಎರಡು ಗಿಡ ಬೇಕಿದ್ದರೆ ಬಳ್ಳಿ ಪೂರ್ತಿ ಒಣಗಿದ ಮೇಲೆ ತೋಳು ಸೇರುವ ಮೊಣಕೈಯಲ್ಲಿ ಬೇರೆ ಮಾಡಿ, ಎರಡರ ತುದಿಯಲ್ಲೂ ಮೂತಿ ಇದೆಯಾ ಖಾತ್ರಿ ಮಾಡಿಕೊಳ್ಳಿ. ಒಣ ಮರಳಿನಲ್ಲಿ, ಗಾಳಿಯಾಡುವ ನೆರಳಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆವರಿ ಕೊಳೆಯುತ್ತದೆ. ಇನ್ನೂ ಹೆಚ್ಚು ಗಡ್ಡೆ ಬೇಕು ಅಂತ ಕಾಡಿಗೆ ಹೋಗಿ ಅಗೆಯಬೇಡಿ, ಬೆಳೆಸಿದವರ ಹತ್ತಿರ ಕೇಳಿ ತನ್ನಿ. ತರುವಾಗ ಮೂತಿಗೆ ಹತ್ತಿ ಸುತ್ತಿಕೊಂಡು ಬನ್ನಿ.